ಅಡ್ವಾನ್ಸ್ ಕೊಡುವ ಮೊದಲು: ಉತ್ತರ ಕನ್ನಡದಲ್ಲಿ ಮನೆ ಜಾಗ ಕೊಳ್ಳುವ ಕ್ರಮ

ಮೊದಲು ಜಾಗ ಮನಸ್ಸಿಗೆ ಹಿಡಿಸುತ್ತದೆ. ಮರುದಿನವೇ ಅಡ್ವಾನ್ಸ್ ಕೊಟ್ಟಾಗಿರುತ್ತದೆ. ಕಾಗದ ನೋಡುವುದು ಅದಾದ ಮೇಲೆ. ಕಾರವಾರದಿಂದ ಶಿರಸಿಯವರೆಗೆ ಜಾಗದ ವಿಷಯದಲ್ಲಿ ಸೋತು ಬಂದ ಮನೆಗಳವರ ಹತ್ತಿರ ಮಾತಾಡಿದ್ದೇನೆ. ಹೆಚ್ಚಿನವರು ಎಡವಿದ್ದು ಇಲ್ಲೇ. ಅವರಿಗೆ ಕಾಗದ ಓದಲು ಬರುವುದಿಲ್ಲ ಎಂದಲ್ಲ. ಅವರಲ್ಲಿ ಶಿಕ್ಷಕರಿದ್ದಾರೆ, ಬ್ಯಾಂಕಿನಲ್ಲಿ ಕೆಲಸ ಮಾಡುವವರಿದ್ದಾರೆ. ಕ್ರಮ ತಪ್ಪಿತ್ತು, ಅಷ್ಟೇ. ಒಮ್ಮೆ ದುಡ್ಡು ಕೈಬಿಟ್ಟ ಮೇಲೆ ಪಹಣಿಯಲ್ಲಿನ (ಜಮೀನಿನ ಹಕ್ಕು ದಾಖಲೆಯಲ್ಲಿನ) ದೊಡ್ಡ ತಪ್ಪೂ ಸಣ್ಣದಾಗಿ ಕಾಣುತ್ತದೆ. "ಸರಿ ಮಾಡಿಕೊಡ್ತಾರಂತೆ" ಎಂದು ನಾವೇ ನಮಗೆ ಸಮಾಧಾನ ಹೇಳಿಕೊಳ್ಳುತ್ತೇವೆ.

ಹಾಗಾಗಿ ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ. ಮುಂಗಡದ ಮಾತು ಬರುವುದು ಎಂಟನೇ ಹಂತದಲ್ಲಿ. ಅದಕ್ಕೂ ಮೊದಲು ಒಂದು ರೂಪಾಯಿಯೂ ಬೇಡ. "ಟೋಕನ್" ಎಂದು ಐದು ಸಾವಿರವೂ ಬೇಡ.

## ಕೈಯಲ್ಲಿ ಇರಬೇಕಾದದ್ದು

ಒಂದು ದಪ್ಪ ಫೈಲು, ಒಂದು ನೋಟ್‌ಬುಕ್, ಉದ್ದದ ಅಳತೆ ಟೇಪು. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಳ್ಳಿ. ಜಾಗದ ಮೇಲೆ ನಿಂತು ತೆರೆದರೆ ನೀವು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂದು ತೋರಿಸುತ್ತದೆ. ಗಡಿಯ ಹತ್ತಿರ ಕೆಲವು ಮೀಟರ್ ಆಚೀಚೆ ಆಗುತ್ತದೆ. ಅದಕ್ಕೇ ಗಡಿ ತೀರ್ಮಾನಕ್ಕೆ ಅದನ್ನು ನಂಬಬೇಡಿ. ಆದರೆ ತೋರಿಸುತ್ತಿರುವ ಜಾಗವೂ ಕಾಗದದಲ್ಲಿರುವ ಜಾಗವೂ ಒಂದೇ ಹೌದೋ ಎಂದು ತಿಳಿಯಲು ಇಷ್ಟು ಸಾಕು. ಪಹಣಿಗೆ ಭೂಮಿ, ಇಸಿಗೆ (ಜಾಗದ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ) ಕಾವೇರಿ, ಮೋಜಣಿ (ಸರ್ವೆ) ಅರ್ಜಿಗೆ ಮೋಜಿಣಿ ಹೀಗೆ ಬೇರೆ ಬೇರೆ ತಾಣಗಳಿವೆ.

ಇದೆಲ್ಲಕ್ಕಿಂತ ಮುಖ್ಯ ಇಬ್ಬರು ಮನುಷ್ಯರು. ಸ್ಥಳೀಯ ಕೋರ್ಟಿನಲ್ಲಿ ದಿವಾಣಿ ದಾವೆ ನಡೆಸುವ ಒಬ್ಬ ವಕೀಲರು, ಅಳತೆ ಬಲ್ಲ ಒಬ್ಬ ಮೋಜಣಿದಾರರು. ಇಬ್ಬರನ್ನೂ ನೀವೇ ಹುಡುಕಿಕೊಳ್ಳಿ. ಮಾರುವವರು ಅಥವಾ ದಲ್ಲಾಳಿ "ನಮ್ಮ ವಕೀಲರೇ ಇದ್ದಾರಲ್ಲ" ಎಂದರೆ ನಗುತ್ತಲೇ ಬೇಡ ಎನ್ನಿ.

## ಹಂತ 1: ಮನೆಯೊಳಗೆ ಕೂತು ಲೆಕ್ಕ ಹಾಕಿ

ನಮ್ಮ ಕಡೆ ಅಳತೆ ಗುಂಟೆ, ಆಣೆಯಲ್ಲಿ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಒಂದು ಗುಂಟೆ ಎಂದರೆ 1,089 ಚದರ ಅಡಿ. ಐದು ಗುಂಟೆಯಲ್ಲಿ ಮನೆ, ಬಾವಿ, ಶೌಚದ ಗುಂಡಿ, ನಾಲ್ಕು ತೆಂಗಿನ ಗಿಡ ಆರಾಮಾಗಿ ಹಿಡಿಸುತ್ತವೆ. ಮೂರು ಗುಂಟೆಗೆ ಇಳಿದರೆ ಬಾವಿಗೂ ಗುಂಡಿಗೂ ನಡುವೆ ಐವತ್ತು ಅಡಿ ಬಿಡುವುದು ಕಷ್ಟ. ಪಕ್ಕದ ಮನೆಯವರ ಗುಂಡಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು, ಅಲ್ವಾ?

ಗುಂಟೆ ದರವನ್ನು ಐದರಿಂದ ಗುಣಿಸಿದರೆ ಖರ್ಚು ಮುಗಿಯಲಿಲ್ಲ. ನಿವೇಶನಕ್ಕೆ ಮುದ್ರಾಂಕ ಶುಲ್ಕ ಶೇಕಡಾ 5. ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇಕಡಾ 2 ಆಗಿದೆ. ಮೊದಲು 1 ಇತ್ತು. ಹಳ್ಳಿಯ ಭಾಗದಲ್ಲಿ 15 ಲಕ್ಷದ ಜಾಗಕ್ಕೆ ಮುದ್ರಾಂಕ 75,000, ಸೆಸ್ ಮತ್ತು ಸರ್ಚಾರ್ಜ್ ಸೇರಿ 9,750, ನೋಂದಣಿ 30,000. ಒಟ್ಟು 1,14,750 ರೂಪಾಯಿ. ಸರಕಾರದ ಮಾರ್ಗಸೂಚಿ ದರ ನಿಮ್ಮ ಖರೀದಿ ದರಕ್ಕಿಂತ ಜಾಸ್ತಿ ಇದ್ದರೆ ಶುಲ್ಕ ಆ ದರದ ಮೇಲೆ. ಬಾವಿ, ಪಾಗಾರ (ಕಾಂಪೌಂಡ್ ಗೋಡೆ), ಮನೆ ತನಕ ಕಲ್ಲು ಹಾಸಿದ ದಾರಿ, ಇಳಿಜಾರಾದರೆ ಧರೆಗೆ (ಗುಡ್ಡ ಕಡಿದ ನೆಟ್ಟಗಿನ ಬದಿಗೆ) ಕಟ್ಟುವ ಕಲ್ಲಿನ ಗೋಡೆ ಇವೆಲ್ಲ ಬೇರೆ. ಧರೆ ಗೋಡೆಯ ಖರ್ಚು ಕೇಳಿದ ಮೇಲೆ ಎಷ್ಟೋ ಅಗ್ಗದ ಜಾಗಗಳು ಅಗ್ಗವಾಗಿ ಉಳಿಯುವುದಿಲ್ಲ.

## ಹಂತ 2: ಅದು ಯಾವ ಬಗೆಯ ಜಾಗ ಎಂದು ಮೊದಲು ಕೇಳಿ

ದರ ಕೇಳುವ ಮೊದಲು ಈ ಪ್ರಶ್ನೆ. ಜಿಲ್ಲೆಯ ಸುಮಾರು ಶೇಕಡಾ 80 ಭಾಗ ಅರಣ್ಯ. ಉಳಿದ ಸ್ವಲ್ಪದರಲ್ಲಿ ಗದ್ದೆ, ತೋಟ, ಊರು, ಪೇಟೆ ಎಲ್ಲ ಇರಬೇಕು. ಹಾಗಾಗಿ ಇಲ್ಲಿ "ಜಾಗ ಇದೆ" ಎಂದವರೆಲ್ಲರ ಹತ್ತಿರ ಮಾರಲು ಬರುವ ಜಾಗ ಇರುವುದಿಲ್ಲ.

ಎನ್‌ಎ ಆದ ಜಾಗ. ಹಳಬರ ಬಾಯಲ್ಲಿ ಬಿನ್‌ಶೇತ್ಕಿ. ಕೃಷಿಯಿಂದ ವಸತಿಗೆ ಪರಿವರ್ತನೆ ಆದದ್ದು. "ಎನ್‌ಎ ಆಗಿದೆ" ಎಂಬ ಮಾತು ಸಾಲದು. ಪರಿವರ್ತನೆಯ ಆದೇಶದ ಪ್ರತಿ, ಅದಕ್ಕೆ ಒಪ್ಪಿಗೆ ಪಡೆದ ವಿನ್ಯಾಸ ನಕ್ಷೆ, ಪಂಚಾಯ್ತಿ ವ್ಯಾಪ್ತಿಯಾದರೆ ಇ-ಸ್ವತ್ತಿನ (ಪಂಚಾಯ್ತಿಯ ಆಸ್ತಿ ದಾಖಲೆ) ನಮೂನೆ 9 ಮತ್ತು 11ಎ, ಪೇಟೆಯಾದರೆ ಇ-ಖಾತಾ ಬೇಕು. 11ಎ ಬದಲು 11ಬಿ ಕೊಟ್ಟರೆ ಅಲ್ಲೇ ನಿಲ್ಲಿ. ಒಪ್ಪಿಗೆಗಳು ಪೂರ್ತಿ ಇಲ್ಲದ ಸ್ವತ್ತು ಅದು. ಬ್ಯಾಂಕಿನವರು ಮೊದಲು ನೋಡುವುದೇ ಅದನ್ನು.

ಗದ್ದೆ, ತೋಟ, ಬೇಣ (ಹುಲ್ಲುಗಾವಲು). 2020ರಲ್ಲಿ ಭೂ ಸುಧಾರಣೆ ಕಾಯ್ದೆಯ 79ಎ ಮತ್ತು 79ಬಿ ತೆಗೆದ ಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಕೊಳ್ಳಬಹುದು ಎಂದರೆ ಮನೆ ಕಟ್ಟಬಹುದು ಎಂದಲ್ಲ. ಪರಿವರ್ತನೆ ಆಗಲೇಬೇಕು. ಆಗದೇ ಹೋದರೆ ನಿಮ್ಮ ಕೈಯಲ್ಲಿ ಉಳಿಯುವುದು ಗದ್ದೆ. ಇಂಥ ಜಾಗವಾದರೆ ಮಾರುವವರೇ ಪರಿವರ್ತನೆ ಮಾಡಿಸಿ ಕೊಡಲಿ, ದರ ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ. ಸಾಲ ಮಾಡಿ ಮನೆ ಕಟ್ಟುವ ಕುಟುಂಬಕ್ಕೆ ನಾನು ಬೇರೆ ಸಲಹೆ ಕೊಡುವುದಿಲ್ಲ.

ಗಜನಿ. ಕುಮಟಾ, ಅಂಕೋಲಾ ಕಡೆ ಉಪ್ಪುನೀರು ಬಂದು ಹೋಗುವ ಗದ್ದೆ. ಕಟ್ಟು ಒಡೆದರೆ ಭರತದ (ಉಬ್ಬರದ) ನೀರು ಒಳಗೆ. ಮಣ್ಣು ತುಂಬಿ ಎತ್ತರ ಮಾಡಿ ಮಾರುತ್ತಾರೆ. ತುಂಬಿದ ಮಣ್ಣು ವರ್ಷಗಟ್ಟಲೆ ಕುಸಿಯುತ್ತಲೇ ಇರುತ್ತದೆ. ಬಾವಿ ನೀರು ಉಪ್ಪು. ಬೇಡ.

ಸೊಪ್ಪಿನ ಬೆಟ್ಟ. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯವರಿಗೆ ಇದು ಗೊತ್ತು. ಹೊರಗಿನಿಂದ ಬಂದವರು ಇದರಲ್ಲೇ ಮೋಸ ಹೋಗುತ್ತಾರೆ. ಅಡಿಕೆ ತೋಟಕ್ಕೆ ಸೊಪ್ಪು, ದರಕು (ಒಣ ಎಲೆ) ತರಲು ತೋಟದವರಿಗೆ ಬಿಟ್ಟುಕೊಟ್ಟ ಸರಕಾರಿ ಭೂಮಿ ಅದು. ತೋಟದವರಿಗೆ ಇರುವುದು ಸವಲತ್ತು, ಮಾಲಕಿ ಹಕ್ಕು ಅಲ್ಲ. ಅಜ್ಜನ ಕಾಲದಿಂದ ಅವರೇ ಬೇಲಿ ಹಾಕಿ ನೋಡಿಕೊಂಡಿರಬಹುದು. ಆದರೂ ಅದನ್ನು ಬಿಡಿಸಿ ಮನೆ ಜಾಗ ಎಂದು ಮಾರಲು ಬರುವುದಿಲ್ಲ.

ಅತಿಕ್ರಮಣ ಜಾಗ. ಇಲ್ಲಿ ನಿಧಾನ ಮಾಡಿ ಓದಿ. "ಅತಿಕ್ರಮಣದ್ದು, ಆದರೆ ಜಿಪಿಎಸ್ ಆಗಿದೆ" ಎಂದು ಸಲೀಸಾಗಿ ಹೇಳುತ್ತಾರೆ. ಸ್ಟ್ಯಾಂಪ್ ಪೇಪರಿನ ಮೇಲೆ ಬರೆದು, ಊರಿನ ನಾಲ್ವರ ಸಾಕ್ಷಿ ಹಾಕಿ, ನೋಟರಿ ಮಾಡಿಸಿ ಕೊಡುತ್ತಾರೆ. ಜಿಪಿಎಸ್ ಆಗಿದೆ ಎಂದರೆ ಅರಣ್ಯ ಹಕ್ಕಿನ ಅರ್ಜಿಗಾಗಿ ಜಾಗ ಅಳೆದಿದ್ದಾರೆ ಎಂದಷ್ಟೇ ಅರ್ಥ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಹಕ್ಕುಪತ್ರ ಸಿಕ್ಕರೂ ಅದು ಮಕ್ಕಳಿಗೆ ಹೋಗುತ್ತದೆ, ಮಾರಲು ಬರುವುದಿಲ್ಲ. ಅಲ್ಲಿ ತಲೆಮಾರಿನಿಂದ ಬಾಳುತ್ತಿರುವ ಕುಟುಂಬಗಳ ಕಷ್ಟ ನಿಜವಾದದ್ದು, ಅವರ ಹಕ್ಕು ಅವರಿಗೆ ಸಿಗಬೇಕು. ಆದರೆ ಅವರಿಂದ ದುಡ್ಡು ಕೊಟ್ಟು ತೆಗೆದುಕೊಂಡ ನಿಮಗೆ ಯಾವ ಹಕ್ಕೂ ಬರುವುದಿಲ್ಲ. ಹತ್ತು ಲಕ್ಷ ಕೊಟ್ಟು ಬರುವುದು ಒಂದು ಸ್ಟ್ಯಾಂಪ್ ಪೇಪರ್.

ಸರಕಾರ ಮಂಜೂರಿ ಕೊಟ್ಟ ಜಮೀನು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು 1978ರ ಕಾಯ್ದೆಯ ಪ್ರಕಾರ ಸರಕಾರದ ಅನುಮತಿ ಇಲ್ಲದೆ ಕೊಳ್ಳುವಂತಿಲ್ಲ. ಎಷ್ಟು ವರ್ಷದ ನಂತರವೂ ಅದನ್ನು ಮರಳಿ ಕೊಡಿಸಬಹುದು ಎಂದು 2023ರ ತಿದ್ದುಪಡಿ ಇನ್ನೂ ಬಿಗಿ ಮಾಡಿದೆ. ಗೇಣಿಯಿಂದ ಬಂದ ಜಮೀನಾದರೆ ಹಕ್ಕು ಕೊಟ್ಟ ಆದೇಶವನ್ನೂ ಅದರಲ್ಲಿನ ಷರತ್ತನ್ನೂ ವಕೀಲರಿಗೆ ತೋರಿಸಿ.

## ಹಂತ 3: ಜುಲೈಯಲ್ಲಿ ಒಮ್ಮೆ, ಮೇಯಲ್ಲಿ ಒಮ್ಮೆ ನೋಡಿ

ಡಿಸೆಂಬರಿನಲ್ಲಿ ನಮ್ಮ ಜಿಲ್ಲೆಯ ಎಲ್ಲ ಜಾಗವೂ ಚಂದ. ಅದಕ್ಕೇ ಮಾರುವವರು ಆಗ ಕರೆಯುತ್ತಾರೆ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ಆ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಕಣ್ಣಾರೆ ನೋಡಬೇಕು. ಕಾಯಲು ಆಗದಿದ್ದರೆ ಪಕ್ಕದ ಮನೆಯ ಅಜ್ಜಿಯನ್ನು ಕೇಳಿ. "ಅಜ್ಜೀ, 2019ರ ನೆರೆಯಲ್ಲಿ ನೀರು ಎಲ್ಲಿ ತನಕ ಬಂದಿತ್ತು?" ಎಂದರೆ ಗೋಡೆಯ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ಕಾಳಿ ದಂಡೆಯಲ್ಲಿ ಕದ್ರಾ ಅಣೆಕಟ್ಟೆಯ ಕೆಳಗಿನ ಊರುಗಳು, ಗಂಗಾವಳಿ ದಂಡೆಯ ಊರುಗಳು ಆ ಆಗಸ್ಟಿನಲ್ಲಿ ಮುಳುಗಿದ್ದವು. ಆ ಗೋಡೆಯ ಗುರುತಿಗಿಂತ ಎತ್ತರದಲ್ಲಿ ನಿಮ್ಮ ಪಾಯ ಬರುತ್ತದೋ ನೋಡಿ.

ಗುಡ್ಡದ ಕೆಳಗಿನ ಜಾಗದ ವಿಷಯಕ್ಕೆ ಬರುತ್ತೇನೆ. 2009ರ ಅಕ್ಟೋಬರಿನಲ್ಲಿ ಕಾರವಾರದ ಕಡವಾಡದಲ್ಲಿ ಗುಡ್ಡ ಕುಸಿದು ಮನೆಯೊಳಗೇ ಜನ ಸತ್ತರು. 2021ರ ಜುಲೈಯಲ್ಲಿ ಯಲ್ಲಾಪುರದ ಕಳಚೆ. 2024ರ ಜುಲೈ 16ರಂದು ಅಂಕೋಲಾದ ಶಿರೂರು. ಇದಾದ ಮೇಲೂ ಹೆದ್ದಾರಿ ಮಗ್ಗುಲಲ್ಲಿ ನೆಟ್ಟಗೆ ಧರೆ ಕಡಿದು ಸಮತಟ್ಟು ಮಾಡಿದ ಪ್ಲಾಟ್‌ಗಳನ್ನು ಜನ ಕೊಳ್ಳುತ್ತಿದ್ದಾರೆ. ನನಗೆ ನಿಜವಾಗಿ ಹೆದರಿಕೆಯಾಗುತ್ತದೆ.

ನಮ್ಮ ಗುಡ್ಡಗಳಲ್ಲಿ ಮೇಲೆ ಗಟ್ಟಿ ಚಿರೆಕಲ್ಲು, ಅದರ ಕೆಳಗೆ ಮೆತ್ತಗಿನ ಶೇಡಿ ಮಣ್ಣು. ಬುಡ ಕಡಿದರೆ ಶೇಡಿ ಮಣ್ಣು ಹೊರಗೆ ಬೀಳುತ್ತದೆ. ಮಳೆ ನೀರು ಮೇಲಿನಿಂದ ಇಳಿದು ಅದನ್ನು ನೆನೆಸುತ್ತದೆ. ಆಮೇಲೆ ಮೇಲಿನ ಕಲ್ಲೂ ಮರವೂ ಒಟ್ಟಿಗೆ ಜಾರುತ್ತವೆ. ಧರೆಯಲ್ಲಿ ಕೆಂಪು ಕಲ್ಲಿನ ಕೆಳಗೆ ಬಿಳಿ, ಹಳದಿ, ನೇರಳೆ ಬಣ್ಣದ ಮಣ್ಣು ಕಂಡರೆ ಎಚ್ಚರ. ಬುಡದಲ್ಲಿ ಬಾಗಿ ಆಮೇಲೆ ಮೇಲಕ್ಕೆ ಎದ್ದ ಮರಗಳು, ಗುಡ್ಡದ ತಲೆಯ ಮೇಲೆ ಅಡ್ಡ ಬಿರುಕು, ಮಳೆಯಲ್ಲಿ ಹೊಸದಾಗಿ ಎದ್ದ ಒರತೆ, ಆ ಒರತೆಯಲ್ಲಿ ಕೆಸರು ನೀರು, ಹೊಟ್ಟೆ ಬಿಟ್ಟ ಪಾಗಾರ ಇವೆಲ್ಲ ಗುಡ್ಡ ಅಲುಗಾಡುತ್ತಿದೆ ಎಂಬುದರ ಗುರುತು. ಇದರಲ್ಲಿ ಒಂದು ಕಂಡರೂ ಆ ಜಾಗ ಬಿಡಿ. ಚೌಕಾಸಿಯನ್ನೂ ಮಾಡಬೇಡಿ.

ಮೇ ತಿಂಗಳಲ್ಲಿ ನೋಡಬೇಕಾದದ್ದು ನೀರು. ಅಕ್ಕಪಕ್ಕದ ಮೂರು ಬಾವಿಗೆ ಹೋಗಿ. ಕೊಡಪಾನದ ಹಗ್ಗ ಎಷ್ಟು ಉದ್ದ ಇದೆ, ತಳ ಕಾಣುತ್ತಿದೆಯೋ ನೋಡಿ. ಒಂದು ಗುಟುಕು ಕುಡಿಯಿರಿ. ಅಳಿವೆಗೆ ಹತ್ತಿರದ ಊರುಗಳಲ್ಲಿ ಜನವರಿಯಲ್ಲಿ ಸಿಹಿ ಇದ್ದ ಬಾವಿ ಏಪ್ರಿಲ್ ಹೊತ್ತಿಗೆ ಉಪ್ಪಾಗುತ್ತದೆ. "ಪಂಚಾಯ್ತಿ ನಲ್ಲಿ ಇದೆ" ಎಂದರೆ ಯಾವ ಹೊತ್ತಿಗೆ, ವಾರಕ್ಕೆ ಎಷ್ಟು ದಿನ ಬರುತ್ತದೆ ಎಂದು ಎದುರು ಮನೆಯವರನ್ನು ಕೇಳಿ.

ದಾರಿಯನ್ನೂ ಇದೇ ಸಲ ನೋಡಿ. "ಇಲ್ಲಿಂದಲೇ ಎಲ್ಲ ಹೋಗಿ ಬರ್ತಾರೆ" ಎನ್ನುವುದು ದಾರಿಯಲ್ಲ. ಗ್ರಾಮ ನಕಾಶೆಯಲ್ಲಿ ದಾರಿ ಇದೆಯೋ, ಇಲ್ಲವಾದರೆ ಅದು ಯಾರ ಸರ್ವೆ ನಂಬರಿನಲ್ಲಿ ಹಾಯುತ್ತದೆ, ಅವರು ನೋಂದಣಿ ಮಾಡಿ ದಾರಿ ಹಕ್ಕು ಕೊಟ್ಟಿದ್ದಾರೋ ಕೇಳಿ. ಚಿರೆಕಲ್ಲಿನ ಲಾರಿ ತಿರುಗಲು ಜಾಗ ಇದೆಯೋ ನೋಡಿ. ಜಾಗದೊಳಗೆ ಚೌಡಿ ಕಟ್ಟೆಯೋ, ನಾಗರ ಕಲ್ಲೋ ಇದ್ದರೆ ವರ್ಷಕ್ಕೊಮ್ಮೆ ಪೂಜೆಗೆ ಬರುವವರು ಯಾರು ಎಂದೂ ತಿಳಿದುಕೊಳ್ಳಿ. ಅವರು ಬಂದೇ ಬರುತ್ತಾರೆ, ಬರುವುದು ಅವರ ಹಕ್ಕೂ ಹೌದು.

## ಹಂತ 4: ಸಮುದ್ರ, ಹೊಳೆ, ಹೆದ್ದಾರಿ, ಕಾಡಿನ ಗಡಿ

ಸಮುದ್ರದ ಭರತ ರೇಖೆಯಿಂದ 500 ಮೀಟರ್ ತನಕ ಕರಾವಳಿ ನಿಯಂತ್ರಣ ವಲಯದ, ಅಂದರೆ ಸಿಆರ್‌ಝಡ್ ನಿಯಮ ಬರುತ್ತದೆ. 2019ರ ಅಧಿಸೂಚನೆಯಲ್ಲಿ ಹಳ್ಳಿಗಳನ್ನು ಎರಡಾಗಿ ಮಾಡಿದ್ದಾರೆ. 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಜಾಸ್ತಿ ಜನ ಇರುವಲ್ಲಿ ಮೊದಲ 50 ಮೀಟರ್, ಉಳಿದೆಡೆ 200 ಮೀಟರ್ ಹೊಸ ಮನೆ ಕಟ್ಟುವಂತಿಲ್ಲ. ಹೊಳೆಯ ದಂಡೆಯವರು ಇದು ತಮಗಲ್ಲ ಎಂದುಕೊಳ್ಳುತ್ತಾರೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಗಳಲ್ಲಿ ಉಬ್ಬರ ಹತ್ತುವ ತನಕವೂ ನಿಯಮ ಇದೆ. ಹಳ್ಳಿಗಳಲ್ಲಿ ಅಂಥ ಹೊಳೆ, ಕೋಡಿಗಳ ದಂಡೆಯಿಂದ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು ಬಿಡಬೇಕು. ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಮಗ್ಗುಲಲ್ಲಿದ್ದರೆ ನಿಯಮ ಇನ್ನೂ ಬಿಗಿ. ಸರ್ವೆ ನಂಬರ್ ಹಿಡಿದುಕೊಂಡು ಕಾರವಾರದಲ್ಲಿರುವ ಪರಿಸರ ಇಲಾಖೆಯ ಪ್ರಾದೇಶಿಕ ಕಚೇರಿಯಲ್ಲಿ ಕೇಳಿ, ಉತ್ತರ ಬರಹದಲ್ಲಿ ಪಡೆಯಿರಿ. "ಪಕ್ಕದವರು ಕಟ್ಟಿದ್ದಾರಲ್ಲ" ಎನ್ನುವುದು ಉತ್ತರವಲ್ಲ. ಅವರದು ನಿಯಮಕ್ಕಿಂತ ಹಳೆ ಮನೆ ಇರಬಹುದು.

ರಾಷ್ಟ್ರೀಯ ಹೆದ್ದಾರಿ 66ರ ಮಗ್ಗುಲಾದರೆ ರಸ್ತೆ ಮಧ್ಯದಿಂದ 40 ಮೀಟರ್ ಬಿಟ್ಟೇ ಕಟ್ಟಬೇಕು. ನಾಲ್ಕು ಗುಂಟೆಯ ಜಾಗದಲ್ಲಿ ಅಷ್ಟು ಬಿಟ್ಟರೆ ಮನೆಗೆ ಏನು ಉಳಿಯುತ್ತದೆ ಎಂದು ಟೇಪು ಹಿಡಿದು ನೋಡಿ. ಸ್ವಾಧೀನದ ವಿಷಯವೂ ಇದೆ. ಕಾರವಾರ ಮತ್ತು ಅಂಕೋಲಾದ ನಡುವೆ ನೌಕಾನೆಲೆಗೆ ಎಷ್ಟು ಊರು ಹೋಯಿತು ಎಂದು ಎಲ್ಲರಿಗೂ ಗೊತ್ತು. ಈಗ ಅಲಗೇರಿ, ಬೇಲೇಕೇರಿ, ಭಾವಿಕೇರಿ ಕಡೆ ವಿಮಾನ ನಿಲ್ದಾಣದ ಜಾಗ. ಅಂಥ ಊರಿನ ಸುತ್ತ ಕೊಳ್ಳುವಾಗ ಸ್ವಾಧೀನದ ನೋಟಿಸಿನಲ್ಲಿ ನಿಮ್ಮ ಸರ್ವೆ ನಂಬರ್ ಇಲ್ಲ ಎಂದು ಖಚಿತ ಮಾಡಿಕೊಳ್ಳಿ. ಘಟ್ಟದ ಕಡೆ ಕೈಗಾದಿಂದ ಹೊರಟ ದೊಡ್ಡ ವಿದ್ಯುತ್ ಲೈನುಗಳ ಕೆಳಗೆ ಜಾಗ ಬರುತ್ತದೋ ಎಂದು ತಲೆ ಎತ್ತಿ ನೋಡಿ.

ಕಾಡಿಗೆ ತಾಗಿದ ಜಾಗವಾದರೆ ಪಹಣಿ ಸರಿ ಇದ್ದರೂ ಸಾಲದು. ಅರಣ್ಯ ಇಲಾಖೆ ಮತ್ತು ಕಂದಾಯ ಇಲಾಖೆ ಸೇರಿ ಮಾಡಿದ ಜಂಟಿ ಮೋಜಣಿಯ ಕಾಗದ ಕೇಳಿ.

## ಹಂತ 5: ಪಹಣಿ ಓದುವುದು

ಪಹಣಿಯನ್ನು ಮಾರುವವರಿಂದ ಪಡೆಯಬೇಡಿ, ನೀವೇ ತೆಗೆಯಿರಿ. ಮೊದಲು ನೋಡಬೇಕಾದದ್ದು 3ನೇ ಕಾಲಂ. ಒಟ್ಟು ವಿಸ್ತೀರ್ಣದಲ್ಲಿ ಖರಾಬು ಎಷ್ಟು ಎಂದು ಅಲ್ಲಿದೆ. ಅ ಖರಾಬು ಮಾಲಕರದ್ದೇ, ಸಾಗುವಳಿಗೆ ಬಾರದ್ದು. ಬ ಖರಾಬು ಸಾರ್ವಜನಿಕರದ್ದು. ಹಳ್ಳ, ದಾರಿ, ಕೆರೆ ಅದರಲ್ಲಿ ಬರುತ್ತವೆ. ಬ ಖರಾಬನ್ನು ಯಾರೂ ನಿಮಗೆ ಮಾರಲಾರರು. ಆದರೂ ಅದನ್ನು ಸೇರಿಸಿಯೇ ದರ ಹೇಳುವುದುಂಟು.

9ನೇ ಕಾಲಂನಲ್ಲಿ ಮಾಲಕರ ಹೆಸರು. ಒಬ್ಬರೇ ಇದ್ದಾರೋ, ಏಳು ಜನರ ಜಂಟಿ ಹೆಸರೋ? ಸತ್ತವರ ಹೆಸರು ಇನ್ನೂ ಇದೆಯೋ? 10ರಲ್ಲಿ ಆ ಹೆಸರು ಹೇಗೆ ಬಂತು ಎಂದು ಬರೆದಿರುತ್ತದೆ, ಮ್ಯುಟೇಶನ್ (ಹೆಸರು ಬದಲಾವಣೆ) ನಂಬರ್ ಸಮೇತ. ಆ ನಂಬರ್ ಹಿಡಿದು ಮ್ಯುಟೇಶನ್ ಪ್ರತಿಯನ್ನೂ ತೆಗೆಸಿ. 11ರಲ್ಲಿ ಸಾಲ ಮತ್ತು ಇತರರ ಹಕ್ಕು. ನಮ್ಮ ಕಡೆ ಸೊಸೈಟಿಯ ಬೋಜಾ (ಸಾಲದ ನಮೂದು) ಇಲ್ಲದ ಪಹಣಿ ಕಡಿಮೆ. ಸಾಲ ತೀರಿದ್ದರೂ ಬೋಜಾ ಕಡಿಮೆ ಮಾಡಿಸಿರುವುದಿಲ್ಲ. ಬಾಯಿ ಮಾತು ಬೇಡ, ಬೋಜಾ ತೆಗೆದ ಹೊಸ ಪಹಣಿ ಬರಲಿ. ಕೋರ್ಟಿನ ತಡೆ ಇದ್ದರೂ ಇದೇ ಕಾಲಂನಲ್ಲಿ ಕಾಣಬಹುದು. 12ರಲ್ಲಿ ಸಾಗುವಳಿ ಯಾರದ್ದು ಎಂದಿದೆ. ಮಾಲಕರು ಒಬ್ಬರು, ಸಾಗುವಳಿ ಇನ್ನೊಬ್ಬರದ್ದು ಎಂದಿದ್ದರೆ ಏಕೆ ಎಂದು ಕೇಳಿ. ಜಾಗ ಯಾರ ವಹಿವಾಟಿನಲ್ಲಿದೆ ಎಂದು ಸ್ಥಳದಲ್ಲೂ ವಿಚಾರಿಸಿ.

ಇಸಿ ಕನಿಷ್ಠ 30 ವರ್ಷದ್ದು ಬೇಕು. ಕಾವೇರಿ ತಾಣದಲ್ಲಿ ಸಿಗುವುದು 2004ರ ಏಪ್ರಿಲ್‌ನಿಂದ ಈಚಿನದು. ಅದಕ್ಕೂ ಹಿಂದಿನದಕ್ಕೆ ಉಪನೋಂದಣಿ ಕಚೇರಿಯಲ್ಲಿ ಅರ್ಜಿ ಕೊಡಬೇಕು. ಇಲ್ಲೊಂದು ತಪ್ಪು ಪದೇ ಪದೇ ಆಗುತ್ತದೆ. ಫೋಡಿ (ಸರ್ವೆ ನಂಬರನ್ನು ತುಂಡು ಮಾಡುವುದು) ಆದ ಮೇಲೆ ಹಿಸ್ಸಾ (ತುಂಡಿನ) ನಂಬರ್ ಬದಲಾಗಿರುತ್ತದೆ. ಹೊಸ ನಂಬರಿಗೆ ಮಾತ್ರ ಇಸಿ ತೆಗೆದರೆ ಏನೂ ಇಲ್ಲ ಎಂದು ಬರುತ್ತದೆ. ಹಳೆ ನಂಬರಿಗೆ ತೆಗೆದರೆ ಅಡಮಾನ ಹೊರಗೆ ಬರುತ್ತದೆ. ಎರಡೂ ನಂಬರಿಗೆ ತೆಗೆಯಿರಿ. ನೋಂದಣಿ ಆಗದ ಕರಾರು, ನಡೆಯುತ್ತಿರುವ ದಾವೆ ಇಸಿಯಲ್ಲಿ ಬರುವುದಿಲ್ಲ. ದಾವೆಗೆ ಇ-ಕೋರ್ಟ್ಸ್‌ನಲ್ಲಿ ಮಾಲಕರ ಹೆಸರು ಹಾಕಿ ಹುಡುಕಿ. ಉಪವಿಭಾಗಾಧಿಕಾರಿ ಕಚೇರಿಯಲ್ಲಿ ತಕರಾರು ಇದೆಯೋ ವಕೀಲರಿಂದ ಕೇಳಿಸಿ.

ಪರಿಚಯದವರ ಹತ್ತಿರ ಹಳೆ ಕಾಗದ ಕೇಳಲು ಸಂಕೋಚ ಆಗುತ್ತದೆ. ನಮ್ಮಲ್ಲಿ ಜಾಗ ಕೊಡುವವರು ಹೆಚ್ಚಾಗಿ ನೆಂಟರೋ, ಊರವರೋ ಆಗಿರುತ್ತಾರೆ. ಹೀಗೆ ಹೇಳಿ ನೋಡಿ: "ಮಾವಾ, ಬೇಜಾರು ಮಾಡ್ಕೋಬೇಡಿ. ಬ್ಯಾಂಕಿನವರು ಹಳೆ ಕಾಗದ ಎಲ್ಲ ಕೇಳ್ತಾರೆ. ಒಂದು ಪ್ರತಿ ಕೊಟ್ರೆ ನಮಗೂ ಸಲೀಸು." ಸಾಲ ಬೇಡದಿದ್ದರೂ ಬ್ಯಾಂಕಿಗೆ ಅರ್ಜಿ ಹಾಕಿ ಅವರ ವಕೀಲರಿಂದ ಕಾಗದ ನೋಡಿಸುವುದು ಒಳ್ಳೆಯದು.

## ಹಂತ 6: ಪಾಲು ಇರುವವರೆಲ್ಲರ ಪಟ್ಟಿ ಮಾಡಿ

ನಮ್ಮ ಅಕ್ಕನ ಮನೆಯವರು ಅಂಕೋಲಾ ತಾಲೂಕಿನಲ್ಲಿ ಆರು ಗುಂಟೆ ನೋಡಿದ್ದರು. ಪಹಣಿಯಲ್ಲಿ ಇಬ್ಬರು ಅಣ್ಣತಮ್ಮಂದಿರ ಹೆಸರು. ಇಬ್ಬರೂ ಒಪ್ಪಿದರು, ಮುಂಗಡ ಹೋಯಿತು. ಎರಡು ತಿಂಗಳಿಗೆ ಮುಂಬಯಿಯಲ್ಲಿದ್ದ ಅವರ ತಂಗಿ ದಾವೆ ಹಾಕಿದರು. ಅವರು ಹಾಕಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಪ್ಪ ತೀರಿಕೊಂಡಾಗ ವಾರಸಾ (ವಾರಸುದಾರರ ಹೆಸರು ಸೇರಿಸುವುದು) ಮಾಡಿಸುವಾಗ ಅವರ ಹೆಸರನ್ನೇ ಬಿಟ್ಟಿದ್ದರು. ಅಕ್ಕನ ದುಡ್ಡು ವಾಪಸ್ ಬರಲು ನಾಲ್ಕು ವರ್ಷ ಹಿಡಿಯಿತು. ಅಷ್ಟರಲ್ಲಿ ಅದೇ ಊರಿನ ಗುಂಟೆ ದರ ಅವರ ಕೈ ಮೀರಿತ್ತು.

ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮ ಪಾಲು ಇದೆ. 2005ರ ತಿದ್ದುಪಡಿಯ ಹೊತ್ತಿಗೆ ಅಪ್ಪ ಬದುಕಿರದಿದ್ದರೂ ಮಗಳ ಹಕ್ಕು ಹೋಗುವುದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಪಹಣಿಯ ಹೆಸರು ನೋಡಿ ನಿಲ್ಲಿಸಬೇಡಿ. ವಂಶವೃಕ್ಷ ತರಿಸಿ, ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಮದುವೆಯಾಗಿ ಗೋವಾಕ್ಕೆ ಹೋದ ಮಗಳು, ತೀರಿಕೊಂಡ ಮಗನ ಹೆಂಡತಿ ಮಕ್ಕಳು, ಕೊಲ್ಲಿಯಲ್ಲಿರುವ ಅಣ್ಣ ಎಲ್ಲರೂ ಅದರಲ್ಲಿ ಬರಬೇಕು. ಪ್ರತಿ ಹೆಸರಿನ ಮುಂದೆ "ಸಹಿ ಮಾಡುತ್ತಾರೆ" ಎಂದು ಬರೆಯುವ ಹಾಗಿದ್ದರೆ ಮುಂದೆ ಹೋಗಿ. ಆದರೆ ಫೋನಿನಲ್ಲಿ ನೀವೇ ಮಾತಾಡಿ. "ಅವಳದ್ದೇನೂ ತಕರಾರಿಲ್ಲ" ಎಂದು ಅಣ್ಣ ಹೇಳಿದರೆ ಅದು ತಂಗಿಯ ಮಾತಾಗುವುದಿಲ್ಲ.

ಹಿಸೆ (ಪಾಲು) ಆಗಿದೆ ಎಂದರೆ ನೋಂದಣಿಯಾದ ಹಿಸೆ ಪತ್ರ ನೋಡಿ. ಪಾಲುದಾರರಲ್ಲಿ 18 ತುಂಬದ ಮಕ್ಕಳಿದ್ದರೆ ಕೋರ್ಟಿನ ಅನುಮತಿ ಬೇಕೋ ಎಂದು ವಕೀಲರನ್ನು ಕೇಳಿ. ಜಿಪಿಎ (ಬೇರೆಯವರ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಹಿಡಿದು ಬಂದವರಿದ್ದರೆ, ಕೊಟ್ಟವರು ಈಗಲೂ ಬದುಕಿದ್ದಾರೋ, ರದ್ದು ಮಾಡಿದ್ದಾರೋ ತಿಳಿಯಿರಿ. ಬರೀ ಜಿಪಿಎಯಿಂದ ಮಾಲಕಿ ಹಕ್ಕು ಬರುವುದಿಲ್ಲ ಎಂದು 2011ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ.

## ಹಂತ 7: ಅಳತೆ

ಕೃಷಿ ಜಮೀನಿನ ಒಂದು ತುಂಡನ್ನು ಮಾರಬೇಕಾದರೆ 11ಇ ನಕ್ಷೆ (ಮಾರುವ ತುಂಡಿನ ಸರಕಾರಿ ಅಳತೆ ನಕ್ಷೆ) ಇಲ್ಲದೆ ನೋಂದಣಿ ಆಗುವುದಿಲ್ಲ. ಅರ್ಜಿ ಹಾಕಬೇಕಾದವರು ಮಾಲಕರು. ಸರಕಾರಿ ಮೋಜಣಿದಾರರು ಬಂದು ಅಳೆಯುವ ದಿನ ನೀವೂ ಅಲ್ಲಿರಿ. ನಾಲ್ಕೂ ಗಡಿಯವರನ್ನು ಕರೆಸಿ. ಬಾರದವರಿಂದಲೇ ಮುಂದೆ ತಕರಾರು. ಪೂರ್ತಿ ಸರ್ವೆ ನಂಬರೇ ಕೊಳ್ಳುವುದಾದರೆ ಹದ್ದುಬಸ್ತು (ಗಡಿ ಗುರುತಿಸುವ ಅಳತೆ) ಮಾಡಿಸಿ ಕಲ್ಲು ನೆಡಿಸಿ.

ಅಳತೆ ಮುಗಿದ ಮೇಲೆ ಟೇಪಿನಿಂದ ನಾಲ್ಕೂ ಬದಿ ನೀವೂ ಅಳೆಯಿರಿ. ಕಾಗದದಲ್ಲಿ ಐದು ಗುಂಟೆ ಇದ್ದು ಸ್ಥಳದಲ್ಲಿ ನಾಲ್ಕು ಗುಂಟೆ ಹನ್ನೆರಡು ಆಣೆ ಬಂದರೆ ದುಡ್ಡು ನಾಲ್ಕು ಗುಂಟೆ ಹನ್ನೆರಡು ಆಣೆಗೆ ಮಾತ್ರ.

## ಹಂತ 8: ಈಗ ಕರಾರು, ಈಗ ಮುಂಗಡ

ಇಲ್ಲಿಯ ತನಕ ಎಲ್ಲ ಸರಿ ಬಂದಿದ್ದರೆ ಕರಾರು ಪತ್ರ ಮಾಡಿ, ನೋಂದಣಿಯನ್ನೂ ಮಾಡಿಸಿ. ನೋಂದಣಿ ಖರ್ಚು ಉಳಿಸಲು ಹೋಗಿ ಮುಂಗಡವನ್ನೇ ಕಳೆದುಕೊಂಡವರಿದ್ದಾರೆ. ನೋಂದಣಿ ಆದ ಕರಾರು ಇಸಿಯಲ್ಲಿ ಬರುತ್ತದೆ. ಅದೇ ಜಾಗವನ್ನು ಇನ್ನೊಬ್ಬರಿಗೆ ತೋರಿಸಿದರೆ ಅವರಿಗೂ ಗೊತ್ತಾಗುತ್ತದೆ.

ಕರಾರಿನಲ್ಲಿ ಪಾಲುದಾರರೆಲ್ಲರ ಸಹಿ ಇರಲಿ. ಗುಂಟೆಗೆ ಎಷ್ಟು, ಒಟ್ಟು ಎಷ್ಟು, ಯಾವ ತಾರೀಕಿನೊಳಗೆ ಖರೀದಿ ಎಂದು ಬರೆಯಿರಿ. ಬೋಜಾ ತೆಗೆಸುವುದು, ಎನ್‌ಎ ಮಾಡಿಸುವುದು, ದಾರಿ ಹಕ್ಕು ಕೊಡುವುದು ಯಾರ ಕೆಲಸ, ಯಾವ ದಿನದೊಳಗೆ ಎಂಬುದೂ ಬೇಕು. ಎನ್‌ಎ ಆಗದಿದ್ದರೆ ಮುಂಗಡ ಪೂರ್ತಿ ವಾಪಸ್ ಎಂಬ ಸಾಲು ಮರೆಯಬೇಡಿ. ಮುಂಗಡ ಶೇಕಡಾ 10 ದಾಟುವುದು ಬೇಡ.

ಮುಂಗಡ ಬ್ಯಾಂಕ್ ಖಾತೆಯಿಂದಲೇ ಹೋಗಲಿ, ಪ್ರತಿ ಪಾಲುದಾರರ ಖಾತೆಗೆ ಬೇರೆ ಬೇರೆಯಾಗಿ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಮತ್ತು ಅದಕ್ಕಿಂತ ಜಾಸ್ತಿ ನಗದು ಪಡೆಯುವಂತಿಲ್ಲ. "ಅರ್ಧ ಕ್ಯಾಶ್" ಎನ್ನುವವರಿಗೆ ಇದನ್ನೇ ಹೇಳಿ. ದಾವೆಗೆ ಹೋದಾಗ ಕಾಗದದಲ್ಲಿ ಇಲ್ಲದ ದುಡ್ಡು ನಿಮ್ಮದಾಗಿ ಉಳಿಯುವುದಿಲ್ಲ.

## ಹಂತ 9: ಖರೀದಿ ದಿನ

ಹಿಂದಿನ ದಿನ ಪಹಣಿ ಮತ್ತು ಇಸಿ ಇನ್ನೊಮ್ಮೆ ತೆಗೆಯಿರಿ. ಕರಾರಿನ ನಂತರ ಹೊಸದೇನಾದರೂ ಸೇರಿದ್ದರೆ ಕಾಣುತ್ತದೆ. ಖರೀದಿ ಪತ್ರದ ಕರಡನ್ನು ಮನೆಯಲ್ಲಿ ಕೂತು ಗಟ್ಟಿಯಾಗಿ ಓದಿ. ಸರ್ವೆ ನಂಬರ್, ಹಿಸ್ಸಾ, ವಿಸ್ತೀರ್ಣ, ನಾಲ್ಕು ದಿಕ್ಕಿನ ಚೆಕ್ಕುಬಂದಿ, ದಾರಿಯ ಹಕ್ಕು, ಇದ್ದರೆ ಬಾವಿಯ ಹಕ್ಕು. ಒಬ್ಬರು ಓದಲಿ, ಇನ್ನೊಬ್ಬರು ನಕ್ಷೆ ಹಿಡಿದು ನೋಡಲಿ. ಖರೀದಿ ಗಂಡ ಹೆಂಡತಿ ಇಬ್ಬರ ಹೆಸರಿಗೂ ಆಗಲಿ. ಜಾಗದ ಬೆಲೆ 50 ಲಕ್ಷ ಮುಟ್ಟಿದರೆ ಶೇಕಡಾ 1 ತೆರಿಗೆ ಹಿಡಿದು ಕಟ್ಟಬೇಕಾದದ್ದು ನೀವು. ಹಳ್ಳಿ ಭಾಗದ ಕೃಷಿ ಜಮೀನಿಗೆ ಇದು ಇಲ್ಲ.

ಉಳಿದ ದುಡ್ಡು ಅಲ್ಲಿಯೇ, ಎಲ್ಲರ ಸಹಿ ಮತ್ತು ಹೆಬ್ಬೆಟ್ಟು ಆಗುವ ಹೊತ್ತಿಗೆ. ಒಬ್ಬರು ಬಂದಿಲ್ಲ, "ನಾಳೆ ಬಂದು ಸಹಿ ಮಾಡ್ತಾರೆ" ಎಂದರೆ ಆ ದಿನ ನೋಂದಣಿ ಬೇಡ. ಹಳೆ ಮೂಲ ಕಾಗದಗಳನ್ನೂ ಅಂದೇ ಕೈಗೆ ಪಡೆಯಿರಿ.

## ಹಂತ 10: ಖರೀದಿ ಆದ ಮೇಲೆ

ಕೃಷಿ ಜಮೀನಾದರೆ ಮ್ಯುಟೇಶನ್ ಆಗಿ ಪಹಣಿಯ 9ನೇ ಕಾಲಂನಲ್ಲಿ ನಿಮ್ಮ ಹೆಸರು ಬಂದಿದೆಯೋ ನೋಡಿ. ನಿವೇಶನವಾದರೆ ಪಂಚಾಯ್ತಿ ಅಥವಾ ನಗರಸಭೆಯ ಖಾತೆಯಲ್ಲಿ. ಹೆಸರಿನ ಒಂದು ಅಕ್ಷರ ತಪ್ಪಿದ್ದರೂ ಆಗಲೇ ತಿದ್ದಿಸಿ. ಆಮೇಲೆ ಕಟ್ಟಡ ಪರವಾನಿಗೆ, ನಂತರ ಕರೆಂಟಿಗೆ ಅರ್ಜಿ. ಜಾಗದಲ್ಲಿ ಸಾಗವಾನಿಯೋ, ಹೊನ್ನೆಯೋ ಇದ್ದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕೊಡಲಿ ಹಾಕಬೇಡಿ.

ಗಡಿಗೆ ಮಳೆಗಾಲದ ಮೊದಲೇ ಬೇಲಿ ಹಾಕಿ. ಕಲ್ಲು ನೆಟ್ಟ ಕಡೆಯೆಲ್ಲ ಫೋಟೊ ತೆಗೆದಿಡಿ. ಸೊಪ್ಪು ಬೆಳೆದರೆ ಎರಡೇ ವರ್ಷದಲ್ಲಿ ಕಲ್ಲು ಕಾಣುವುದಿಲ್ಲ. ದೂರದ ಊರಲ್ಲಿ ಇರುವವರು ವರ್ಷಕ್ಕೆ ಒಮ್ಮೆಯಾದರೂ ಬಂದು ಬೇಲಿ ನೋಡಿ ಹೋಗಿ.

ಸಾಧ್ಯವಿದ್ದರೆ ಪಾಯ ತೋಡುವ ಮೊದಲು ಒಂದು ಮಳೆಗಾಲ ಜಾಗವನ್ನು ಹಾಗೇ ಬಿಡಿ. ದೊಡ್ಡ ಮಳೆ ಸುರಿದ ದಿನ ಕೊಡೆ ಹಿಡಿದು ಹೋಗಿ, ನೀರು ಹರಿಯುವ ದಾರಿಗೆ ಗೂಟ ಹೊಡೆದು ಬನ್ನಿ. ಮನೆಯ ನಕ್ಷೆ ಹಾಕುವ ಇಂಜಿನಿಯರರನ್ನು ಕರೆದುಕೊಂಡು ಹೋದ ದಿನ ಮೊದಲು ಆ ಗೂಟಗಳನ್ನು ತೋರಿಸಿ.